ಗದ್ದೆಯಂಚಿನ ಗಾಡಿ

ಕೋಟ
12–11–1961

ಪ್ರೀತಿಯ ಅಣ್ಣಯ್ಯನಿಗೆ ಗಿರಿಜೆಯ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಉಂಡುಕೊಂಡು, ನಿದ್ದೆ ಮಾಡಿಕೊಂಡು ಇದ್ದೇವೆ. ಅಮ್ಮನ ಮಂಡಿನೋವು ಹಾಗೆಯೇ ಇದೆ, ಅದರ ಬಗ್ಗೆ ಮಾತಾಡುವ ಶಕ್ತಿ ಮಾತ್ರ ಹೆಚ್ಚಾಗಿದೆ. ಬೈಲಿನ ಕೊಯ್ಲು ಮುಗಿಯಿತು. ನಮ್ಮವರು ಕೊಕ್ಕರ್ಣೆಯ ತಮ್ಮ ತಾಯಿಮನೆಯ ಕೊಯ್ಲಿಗೆ ಹೋದವರು ಇನ್ನೂ ಬಂದಿಲ್ಲ.

ನೀನು ಪ್ರತಿ ಕಾಗದದಲ್ಲೂ ಬೊಂಬಾಯಿಯಿಂದ ಏನು ಕಳಿಸಲಿ ಎಂದು ಕೇಳುತ್ತೀ. ನಾನು ಪ್ರತಿ ಸಲ ಏನೂ ಬೇಡ ಎಂದು ಬರೆಯುತ್ತೇನೆ. ಈ ಸಲ ಬೇಕು. ಮಗುವನ್ನು ಕೂರಿಸಿ ದೂಡುವ ಗಾಡಿ ಒಂದು ಬೇಕು. ಹೋದ ತಿಂಗಳು ಬ್ರಹ್ಮಾವರದ ಪೇಟೆಯಲ್ಲಿ ರಸ್ತೆ ಕೆಲಸದ ಇಂಜಿನಿಯರರ ಹೆಂಡತಿ ಅಂಥದೊಂದನ್ನು ದೂಡಿಕೊಂಡು ಹೋಗುವುದನ್ನು ಕಂಡೆ. ಒಂದು ಕೈಯಲ್ಲಿ ಗಾಡಿ, ಒಂದು ಕೈಯಲ್ಲಿ ಕೊಡೆ. ಬೆನ್ನು ನೆಟ್ಟಗಿತ್ತು. ಎಲ್ಲರೂ ಮಗುವನ್ನು ನೋಡುತ್ತಿದ್ದರು, ನಾನು ಆ ಹೆಂಗಸಿನ ಬೆನ್ನನ್ನು ನೋಡುತ್ತ ನಿಂತೆ.

ಚಂದದ್ದು ಬೇಡ, ಗಟ್ಟಿಯದು ಬೇಕು. ನಮ್ಮ ದಾರಿ ನಿನಗೆ ಗೊತ್ತಲ್ಲ. ರಸ್ತೆಯಿಂದ ಇಳಿದರೆ ಕಾಲು ಹೂಳುವ ಹೊಯ್ಗೆಯ ಓಣಿ, ಆಮೇಲೆ ದನ ನುಗ್ಗದ ಹಾಗೆ ಅಡ್ಡಕ್ಕೆ ಮರ ಹಾಕಿದ ಎರಡು ತಡಮೆ, ಅಲ್ಲಿಂದ ಮನೆಯ ತನಕ ಗದ್ದೆಯಂಚು. ಇದಿಷ್ಟನ್ನು ನೆನಪಿಟ್ಟುಕೊಂಡು ಆರಿಸು. ಜೂನ್ ಒಳಗೆ ಕೈಗೆ ಸಿಕ್ಕರೆ ಸಾಕು.

ಜಲಜ ಹುಷಾರಿದ್ದಾಳೆ. ನೀನು ಕೇಳುವ ಮೊದಲೇ ಬರೆದೆ.

ನಿನ್ನ ತಂಗಿ
ಗಿರಿಜಾ


ಮಾಟುಂಗ, ಬೊಂಬಾಯಿ
24–11–1961

ಗಿರಿಜೆಗೆ ಗುಣಪಾಲನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಎರಡನೆಯ ಮಗು ಹುಟ್ಟಿದ ಸುದ್ದಿಯನ್ನು ಅಣ್ಣನಿಗೆ ತಿಳಿಸುವ ಕ್ರಮ ಇದೆಯಾ? ಗಾಡಿ ಕೇಳುವ ನೆಪದಲ್ಲಿ? ನಮ್ಮ ಮನೆಯಲ್ಲಿ ಹೆರಿಗೆಯಾದರೆ ಮನೆಯವರಿಗೆಲ್ಲ ಅಮೆಯ ಮೈಲಿಗೆ. ಕೋಟದಲ್ಲಿದ್ದರೂ ಅಮೆ, ಬೊಂಬಾಯಿಯಲ್ಲಿದ್ದರೂ ಅಮೆ. ನವರಾತ್ರಿಯಲ್ಲಿ ಹೋಟೆಲಿನ ಪೂಜೆಗೆ ಕಾಯಿ ಒಡೆದವನು ನಾನು. ಮಡಿಯಲ್ಲಿ ಒಡೆದೆನೋ ಅಮೆಯಲ್ಲಿ ಒಡೆದೆನೋ ಎಂದು ಈಗ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಗಂಡೋ ಹೆಣ್ಣೋ? ತೊಟ್ಟಿಲಿಗೆ ಹಾಕುವಾಗ ಮಾವನ ಜಾಗದಲ್ಲಿ ಯಾರನ್ನು ನಿಲ್ಲಿಸಿದಿರಿ?

ಮೂರು ವರ್ಷದಿಂದ ಊರಿಗೆ ಬಂದಿಲ್ಲ, ಅದು ನನ್ನ ತಪ್ಪು. ಮೆನೇಜರ್ ಮಾಡಿದ ಮೇಲೆ ಗಲ್ಲೆ ಬಿಟ್ಟು ಏಳುವ ಹಾಗಿಲ್ಲ. ಹಾಗೆಂದು ಮನೆಯ ಯಜಮಾನ ಸತ್ತಿದ್ದಾನೆಂದು ತಿಳಿಯಬೇಡಿ.

ಗಾಡಿಯ ವಿಷಯ ನನಗೆ ಬಿಡು. ಹೋಟೆಲಿನಿಂದ ಐದು ನಿಮಿಷ ನಡೆದರೆ ಪಾರ್ಸಿಗಳ ಕಾಲೊನಿ. ಸಂಜೆಯಾದರೆ ಆಯಾಗಳು ಸಾಲಾಗಿ ಗಾಡಿ ದೂಡಿಕೊಂಡು ಬರುತ್ತಾರೆ. ಒಂದೊಂದು ಗಾಡಿಯೂ ಕುಂದಾಪುರದ ಬಸ್ಸಿಗಿಂತ ಮೇಲು. ಕೆಳಗೆ ಸ್ಪ್ರಿಂಗು, ಮೇಲೆ ಮಡಚುವ ಮಾಡು. ನಮ್ಮ ಮನೆಯ ಮಗುವಿಗೆ ಅದಕ್ಕಿಂತ ಕಡಿಮೆಯದು ಬೇಡ.

ಜಲಜ ಈಗ ಓಡುತ್ತಿರಬೇಕು. ಗದ್ದೆಗೆ ಇಳಿಯುತ್ತಾಳಾ? ಮಗುವನ್ನು ಎತ್ತಿಕೊಳ್ಳಲು ಹಟ ಮಾಡುತ್ತಾಳಾ? ಎಲ್ಲ ವಿವರವಾಗಿ ಬರೆ.

ಗುಣಪಾಲ


ಕೋಟ
2–12–1961

ಸ್ನೇಹಲತಾ,

ಬೈಂದೂರಿನ ಶಾಲೆಯಲ್ಲಿ ಹೊಸ ಟೀಚರಿಗೆ ಮಕ್ಕಳು ಹೆದರುತ್ತಾರೋ, ಟೀಚರೇ ಹೆದರುತ್ತಾರೋ? ನನಗೆ ನಿನ್ನ ಮುಖ ಗೊತ್ತು, ಉತ್ತರವೂ ಗೊತ್ತು.

ಅಣ್ಣಯ್ಯನಿಗೆ ಗಾಡಿ ಕೇಳಿ ಬರೆದಿದ್ದೆ. ಅವನು ಕಾಗದದಲ್ಲೇ ನನಗೆ ಇನ್ನೊಂದು ಹೆರಿಗೆ ಮಾಡಿಸಿ, ತೊಟ್ಟಿಲು ಕಟ್ಟಿ, ಅಮೆಯ ಲೆಕ್ಕ ಹಾಕುತ್ತ ಕೂತಿದ್ದಾನೆ. ಗಾಡಿ ಜಲಜನಿಗೆ ಎಂದು ನಾನು ಬರೆಯಲಿಲ್ಲ. ಐದೂವರೆ ವರ್ಷದ ಹುಡುಗಿಗೆ ಗಾಡಿ ಯಾಕೆ ಎಂದು ಅವನು ಕೇಳುತ್ತಾನೆ. ಆಮೇಲೆ ಕಾಲಿನ ವಿಷಯ ಹೇಳಬೇಕಾಗುತ್ತದೆ.

ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಬೇರೆ ಯಾರಲ್ಲಿ ಹೇಳಲಿ. ಐವತ್ತೆಂಟರ ಜೂನಿನಲ್ಲಿ ಅಣ್ಣಯ್ಯ ರಜೆಯಲ್ಲಿ ಇಲ್ಲಿದ್ದ. ಅವನು ಹೊರಡುವ ಹಿಂದಿನ ದಿನ ಜಲಜನ ಮೈ ಕಾದ ಬಾಣಲೆಯಾಗಿತ್ತು. ಬೆಳಿಗ್ಗೆಯ ಬಸ್ಸಿಗೆ ಕುಂದಾಪುರದ ಡಾಕ್ಟರಲ್ಲಿಗೆ ಹೋಗುತ್ತೇನೆಂದು ನಾನು ಸೀರೆ ಉಟ್ಟು ನಿಂತಿದ್ದೆ. ನಮ್ಮವರು ನಾಟಿಗೆಂದು ಕೊಕ್ಕರ್ಣೆಯಲ್ಲಿದ್ದರು. ಇದ್ದಿದ್ದರೂ ನಮ್ಮದು ಅಳಿಯಕಟ್ಟಿನ ಮನೆ, ಮಗು ತಾಯಿಮನೆಯದು, ಅಪ್ಪನಿಗಿಂತ ಮಾವನ ಮಾತು ಮೇಲು. ಅಣ್ಣಯ್ಯ ಮಗುವಿನ ಬಾಯೊಳಗೆ ಬೆರಳು ಹಾಕಿ ನೋಡಿದ. "ಹಲ್ಲ್ ಬಪ್ಪು ಜ್ವರ ಅದ್. ಎಲ್ಲಾ ಮಕ್ಕಳಿಗೂ ಬತ್ತ್. ಈ ಮಳಿಯಂಗೆ ಹೆಣ್ಣಿನ ಹೊರಗೆ ಹಾಕ್ಬೇಡ" ಎಂದ. ನಾನು ಸೀರೆ ಬದಲಿಸಿದೆ. ಅವನು ಬೊಂಬಾಯಿಗೆ ಹೋದ. ಮೂರನೆಯ ದಿನ ಜ್ವರ ಬಿಟ್ಟಿತು, ಬಲಗಾಲು ಏಳಲಿಲ್ಲ.

ಈಗ ಜೂನಿನಲ್ಲಿ ಅವಳನ್ನು ಶಾಲೆಗೆ ಸೇರಿಸಬೇಕು. ಮಾಸ್ತರರನ್ನು ಕೇಳಿಬಂದೆ. "ಬರೆಯೂದ್ ಕೈಯಂಗೆ, ಕಾಲಂಗೆ ಅಲ್ಲ. ಕರ್ಕಂಡ್ ಬನ್ನಿ, ಸೇರ್ಸ್ಕಂತೆ" ಎಂದರು. ಕರೆದುಕೊಂಡು ಬರುವುದೇ ಕಷ್ಟ. ಮನೆಯಿಂದ ಶಾಲೆಗೆ ಒಂದೂಕಾಲು ಮೈಲು. ಹೋದ ವಾರ ಸೊಂಟದ ಮೇಲೆ ಎತ್ತಿಕೊಂಡು ಹೋಗಿ ನೋಡಿದೆ. ಅರ್ಧ ದಾರಿಯಲ್ಲಿ ಸೊಂಟ ಹಿಡಿದು ಅಂಚಿನ ಮೇಲೆ ಕೂತುಬಿಟ್ಟೆ. "ಅಮ್ಮ, ನಾ ಭಾರವಾ?" ಎಂದಳು. ಇಲ್ಲೆ ಎಂದೆ. ಅವಳು ನಂಬಲಿಲ್ಲ. "ಹಂಗಾರೆ ನಾಳಿಂದ ಒಂದೇ ಹೊತ್ ಉಂತೆ" ಎಂದಳು. ಮರುದಿನ ನಿಜವಾಗಿಯೂ ರಾತ್ರಿಯ ಊಟ ಬೇಡವೆಂದು ಕೂತಳು. ಅಮ್ಮ ಬೈದು ಉಣ್ಣಿಸಿದರು.

ಗಾಡಿ ಬರದಿದ್ದರೆ ಅವಳು ಶಾಲೆಗೆ ಹೋಗುವುದಿಲ್ಲ. ಹೋಗದಿದ್ದರೆ ಜಗಲಿಯ ಕಂಬ ಹಿಡಿದು ನಿಂತೇ ಮುದುಕಿಯಾಗುತ್ತಾಳೆ. ಆದರೆ ಅಣ್ಣಯ್ಯನಿಗೆ ಹೇಗೆ ಹೇಳಲಿ? ತನ್ನ ಮಾತಿನಿಂದ ಹೀಗಾಯಿತೆಂದು ಅವನಿಗೆ ಗೊತ್ತಾದರೆ ಜೀವ ಹಿಂಡಿಹೋಗುತ್ತದೆ. ಅವನಿಗೆ ಅಷ್ಟು ನೋವು ಕೊಡಲು ನನಗೆ ಮನಸ್ಸಿಲ್ಲ.

ಗಿರಿಜಾ


ಬೈಂದೂರು
11–12–1961

ಗಿರಿಜಾ,

ಮಕ್ಕಳೂ ಹೆದರುತ್ತಾರೆ, ನಾನೂ ಹೆದರುತ್ತೇನೆ. ಹೆಡ್‌ಮಾಸ್ತರರೊಬ್ಬರು ಯಾರಿಗೂ ಹೆದರುವುದಿಲ್ಲ, ಅವರು ಮಧ್ಯಾಹ್ನ ಮಲಗುತ್ತಾರೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕೊನೆಯ ಸಾಲನ್ನು ನಾನು ನಂಬುವುದಿಲ್ಲ. ನೋವಾಗಬಾರದೆಂದು ಸುಮ್ಮನಿರುವವರು ಒಂದು ತಿಂಗಳು ಸುಮ್ಮನಿರುತ್ತಾರೆ, ಒಂದು ಮಳೆಗಾಲ ಸುಮ್ಮನಿರುತ್ತಾರೆ. ಮೂರೂವರೆ ವರ್ಷ ಇರುವುದಿಲ್ಲ. ನಿನಗೆ ಅವನ ಮೇಲೆ ಸಿಟ್ಟಿದೆ. ಆ ಸಿಟ್ಟನ್ನು ನೀನು ಉಪ್ಪಿನಕಾಯಿಯ ಹಾಗೆ ಬಾಯಿ ಕಟ್ಟಿ ಇಟ್ಟಿದ್ದೀ.

ನಾನು ಹೇಳಿದ್ದು ತಪ್ಪಾದರೆ ಬೈದು ಬರೆ. ಸರಿಯಾದರೆ ಅವನಿಗೆ ಬರೆ.

ಜಲಜನಿಗೆ ಸ್ಲೇಟು, ಕಡ್ಡಿ ತೆಗೆದಿಟ್ಟಿದ್ದೇನೆ.

ಸ್ನೇಹಲತಾ


ಕೋಟ
20–12–1961

ಅಣ್ಣಯ್ಯನಿಗೆ ನಮಸ್ಕಾರ.

ಅಮೆ ಏನೂ ಇರಲಿಲ್ಲ. ನೀನು ಒಡೆದ ಕಾಯಿಗೆ ದೋಷವಿಲ್ಲ, ನಿಶ್ಚಿಂತೆಯಿಂದಿರು.

ಗಾಡಿಗೆ ಅಳತೆ ಬೇಕಾದೀತೆಂದು ಬರೆಯುತ್ತಿದ್ದೇನೆ. ಕೂರುವ ಜಾಗ ಹನ್ನೆರಡು ಇಂಚು ಅಗಲ ಬೇಕು. ಕೂತಲ್ಲಿಂದ ಪಾದದ ತನಕ ಹನ್ನೊಂದು ಇಂಚು. ಬೆನ್ನಿಗೆ ಒರಗಲು ಗಟ್ಟಿ ಹಲಗೆ. ಮೂವತ್ತಮೂರು ಪೌಂಡು ತಾಳಬೇಕು. ಅಕ್ಕಿ ಮಿಲ್ಲಿನ ತಕ್ಕಡಿಯಲ್ಲಿ ಕೂರಿಸಿ ತೂಗಿಸಿದ್ದೇನೆ, ತಪ್ಪಿಲ್ಲ. ಮಲಗುವ ಗಾಡಿ ಬೇಡ, ಕೂರುವ ಗಾಡಿ. ಚಕ್ರದ ವಿಷಯ ಮತ್ತೆ ಹೇಳುತ್ತೇನೆ, ನಮ್ಮ ಅಂಚು ನೆನಪಿರಲಿ.

ಜಲಜ ಓಡುತ್ತಾಳಾ ಎಂದು ಕೇಳಿದ್ದೀ. ಬಾಯಿ ಓಡುತ್ತದೆ. ಹಿಡಿಯಲು ಇಬ್ಬರು ಬೇಕು.

ಗಿರಿಜಾ


ಮಾಟುಂಗ, ಬೊಂಬಾಯಿ
15–1–1962

ಗಿರಿಜೆಗೆ ಆಶೀರ್ವಾದ.

ಗಾಡಿ ಸಿಕ್ಕಿತು. ಪಾರ್ಸಿ ಮುದುಕಿಯೊಬ್ಬರ ಮನೆಯದು, ವಿಲಾಯತಿ ಮಾಲು. ಅವರ ಮಕ್ಕಳೂ ಮೊಮ್ಮಕ್ಕಳೂ ಅದರಲ್ಲೇ ಬೆಳೆದವರಂತೆ. ಕಪ್ಪು ಬಣ್ಣ, ಹೊಳೆಯುವ ನಾಲ್ಕು ಚಕ್ರ, ಒಳಗೆ ಹಾಸಿಗೆ. ರಸ್ತೆಯಲ್ಲಿ ದೂಡಿ ನೋಡಿದೆ, ಎಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಹೋಟೆಲಿನ ಹುಡುಗರೆಲ್ಲ ಹೊರಗೆ ಬಂದು ನಿಂತು ನಗುತ್ತಿದ್ದರು, ನಗಲಿ.

ನಿನ್ನ ಅಳತೆಯನ್ನು ನೋಡಿದೆ. ಮಗು ಮೂವತ್ತಮೂರು ಪೌಂಡು ಎಂದು ಬರೆದಿದ್ದೀ. ಆ ಮಿಲ್ಲಿನ ತಕ್ಕಡಿ ನಂಬಿದರೆ ಊರಿನಲ್ಲಿ ಯಾರಿಗೂ ಹೊಟ್ಟೆ ತುಂಬದು. ಮಕ್ಕಳು ಕೂರುವ ಮೊದಲು ಮಲಗುತ್ತವೆ, ಹಾಗಾಗಿ ಮಲಗುವುದನ್ನೇ ತೆಗೆದುಕೊಂಡೆ.

ಹುಬ್ಬಳ್ಳಿಯ ತನಕ ರೈಲಿನಲ್ಲಿ, ಅಲ್ಲಿಂದ ಲಾರಿಯಲ್ಲಿ ಬರುತ್ತದೆ. ಕೋಟದ ವೆಂಕಟನ ಸೈಕಲ್ ಅಂಗಡಿಯಲ್ಲಿ ಇಳಿಸಲು ಹೇಳಿದ್ದೇನೆ. ಮಗುವಿನ ಹೆಸರು ಇನ್ನೂ ಬರೆದಿಲ್ಲ ನೀನು.

ಗುಣಪಾಲ


ಕೋಟ
18–2–1962

ಅಣ್ಣಯ್ಯನಿಗೆ ನಮಸ್ಕಾರ.

ಗಾಡಿ ಬಂತು. ವೆಂಕಟ ಅಂಗಡಿಯಿಂದಲೇ ಕೂಗಿದನಂತೆ, "ಹ್ವಾಯ್, ಶೆಟ್ರ ಮನಿಗೆ ಬೊಂಬಾಯಿಂದ ಸಾರೋಟ್ ಬಂದಿತ್ತ್ ಕಾಣಿ" ಎಂದು. ಅರ್ಧ ಕೋಟ ಬಂದು ಕಂಡಿತು.

ಹೊಯ್ಗೆಯ ಓಣಿಯಲ್ಲಿ ಚಕ್ರ ಹೂತಿತು. ನಮ್ಮ ಗದ್ದೆ ಕೆಲಸದ ಗುರುವ ಗಾಡಿಯನ್ನು ತಲೆಯ ಮೇಲೆ ಹೊತ್ತ. ಎರಡು ತಡಮೆ ದಾಟಿಸಲು ಮೂರು ಜನ ಬೇಕಾಯಿತು. ಗದ್ದೆಯಂಚಿನ ಬುಡದಲ್ಲಿ ಕೆಳಗಿಳಿಸಿದಾಗ ಅಮ್ಮ ಅಲ್ಲಿ ಬಂದು ಕಾದು ನಿಂತಿದ್ದರು. ಖಾಲಿ ತೊಟ್ಟಿಲು ತೂಗಬಾರದೆಂಬುದು ನಿನಗೆ ಗೊತ್ತು. "ತೊಟ್ಲಿಗ್ ಹ್ಯಾಂಗೋ ಇದಕ್ಕೂ ಹಾಂಗೆ. ಖಾಲಿ ದೂಡೂಕಾಗ" ಎಂದು ಅಮ್ಮ ಗುಂಡುಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ನೀನೂ ನಾನೂ ತೊಟ್ಟಿಲಿಗೆ ಬೀಳುವ ಮೊದಲು ಬಿದ್ದ ಅದೇ ಕಲ್ಲು. ಅದನ್ನು ಹಾಸಿಗೆಯ ಮೇಲೆ ಮಲಗಿಸಿ, ಹೊದೆಸಿ, ಗುರುವ ದೂಡಿದ. ಅಂಚು ಒಂದು ಮೊಳ ಅಗಲ, ಗಾಡಿ ಒಂದೂವರೆ ಮೊಳ. ನಾಲ್ಕು ಹೆಜ್ಜೆಗೆ ಒಂದು ಕಡೆಯ ಎರಡು ಚಕ್ರ ಗಾಳಿಯಲ್ಲಿತ್ತು. ಐದನೆಯ ಹೆಜ್ಜೆಗೆ ಗಾಡಿಯೂ ಗುಂಡುಕಲ್ಲೂ ಸುಗ್ಗಿ ಗದ್ದೆಯ ಕೆಸರಿನಲ್ಲಿ. ಗುರುವ ಸೊಂಟದ ತನಕ ಕೆಸರಾಗಿ ಹುಡುಕಿ ಕಲ್ಲನ್ನು ತೆಗೆದ. "ಇದ್ ರಸ್ತಿ ಗಾಡಿ ಅಮ್ಮ, ಅಂಚಿನ ಗಾಡಿ ಅಲ್ಲ" ಎಂದ.

ಈಗ ಗಾಡಿ ಅಂಗಳದಲ್ಲಿದೆ. ಅಮ್ಮ ಅದರ ಮಾಡು ಮಡಚಿ ಹಪ್ಪಳ ಒಣಗಿಸುತ್ತಿದ್ದಾರೆ. ಕಾಗೆ ಬಂದರೆ ಎಳೆದು ಮುಚ್ಚಲು ಸುಲಭವಂತೆ.

ಹದಿನೆಂಟು ವರ್ಷ ನೀನು ಆ ಅಂಚಿನ ಮೇಲೆ ನಡೆದಿದ್ದೀ. ನಾನು ಎರಡು ಸಲ ಬರೆದೆ. ಅಳತೆ ಬರೆದೆ, ತೂಕ ಬರೆದೆ. ನೀನು ಓದಿದೆ, ಆದರೆ ಮಕ್ಕಳ ವಿಷಯ ತಂಗಿಗಿಂತ ನನಗೇ ಹೆಚ್ಚು ಗೊತ್ತು ಎಂದು ನೀನು ತಿಳಿದುಕೊಂಡೆ. ಮೊದಲಿನಿಂದಲೂ ನೀನು ಹೀಗೆಯೇ.

ಕಳಿಸಿದ್ದಕ್ಕೆ ಉಪಕಾರವಾಯಿತು.

ಗಿರಿಜಾ


ಮಾಟುಂಗ, ಬೊಂಬಾಯಿ
5–3–1962

ಗಿರಿಜಾ,

ನಿನ್ನ ಡಿಸೆಂಬರಿನ ಕಾಗದ ತೆಗೆದು ಮತ್ತೆ ಓದಿದೆ. ನಮ್ಮ ಅಡಿಗೆಯವನ ಮಗಳಿಗೆ ಆರು ವರ್ಷ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಟೇಪು ಹಿಡಿದೆ. ಕೂತಲ್ಲಿಂದ ಪಾದಕ್ಕೆ ಹನ್ನೊಂದು ಇಂಚು.

ಊರಿನವರು ಇಲ್ಲಿಗೆ ಬಂದಾಗಲೆಲ್ಲ ನಾನು ಜಲಜನ ವಿಷಯ ಕೇಳುತ್ತೇನೆ. ಆಗ ಅವರು ಚಾ ಮುಗಿಸಿ ಎದ್ದುಬಿಡುತ್ತಾರೆ. ಅವರಿಗೆ ಅವಸರ ಎಂದುಕೊಳ್ಳುತ್ತಿದ್ದೆ.

ಜಲಜನಿಗೆ ಏನಾಗಿದೆ? ಯಾವಾಗಿನಿಂದ?

ಗುಣಪಾಲ


ಕೋಟ
14–3–1962

ಅಣ್ಣಯ್ಯ,

ಬಲಗಾಲು. ಐವತ್ತೆಂಟರ ಜೂನಿನಿಂದ. ನೀನು ಬಸ್ಸು ಹತ್ತಿದ ಮೂರನೆಯ ದಿನ ಜ್ವರ ಬಿಟ್ಟಿತು. ಎಬ್ಬಿಸಿ ನಿಲ್ಲಿಸಿದೆ, ಆ ಕಡೆಗೆ ವಾಲಿದಳು. ಮತ್ತೆ ನಿಲ್ಲಿಸಿದೆ. ನಿಶ್ಶಕ್ತಿ ಎಂದುಕೊಂಡು ಒಂದು ವಾರ ಗಂಜಿ ಕುಡಿಸಿದೆ. ಆಮೇಲೆ ಕುಂದಾಪುರಕ್ಕೆ ಹೋದದ್ದು. ಪೋಲಿಯೊ ಎಂದರು. ಈಗ ಕಂಬ ಹಿಡಿದು ನಿಲ್ಲುತ್ತಾಳೆ, ಮನೆಯೊಳಗೆ ಕೈಯೂರಿ ಸರಿಯುತ್ತಾಳೆ. ಗಾಡಿ ಬೇಕಾದದ್ದು ಅವಳನ್ನು ಶಾಲೆಗೆ ಸೇರಿಸಲು. ಎರಡನೆಯ ಮಗು ಇಲ್ಲ. ನೀನು ಹಾಗೆ ತಿಳಿದುಕೊಂಡಾಗ ನಾನು ತಿದ್ದಲಿಲ್ಲ.

ಇಷ್ಟು ವರ್ಷ ಹೇಳದಿದ್ದದ್ದು ನಿನಗೆ ನೋವಾಗಬಾರದೆಂದು ಎಂದೇ ನಾನು ತಿಳಿದಿದ್ದೆ. ಸ್ನೇಹಲತಾ ಅದು ಸುಳ್ಳು ಎಂದಳು. ಅವಳನ್ನು ಬೈದು ಬರೆಯಲು ಕೂತೆ, ಬರೆಯಲಾಗಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು ಅಣ್ಣಯ್ಯ. ಜಲಜ ಓಡುತ್ತಾಳಾ ಎಂದು ನೀನು ಪ್ರತಿ ಕಾಗದದಲ್ಲಿ ಕೇಳುವಾಗ, ಕೇಳಲಿ, ಇನ್ನೂ ಕೇಳಲಿ, ಗೊತ್ತಾದ ದಿನ ಇಷ್ಟೂ ಒಟ್ಟಿಗೆ ನೆನಪಾಗಲಿ ಎಂದುಕೊಳ್ಳುತ್ತಿದ್ದೆ. ಒಡಹುಟ್ಟಿದವಳು ಹೀಗೆ ಯೋಚಿಸಬಾರದು. ಯೋಚಿಸಿದೆ.

ಇನ್ನೊಂದು ಮಾತಿದೆ. ಮೊದಲ ದಿನವೇ ತಂದಿದ್ದರೂ ಕಾಲು ಇಷ್ಟೇ ಆಗುತ್ತಿತ್ತು, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಇದನ್ನು ನಾನು ಅಮ್ಮನಿಗೂ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ. ಹೇಳಿದ್ದರೆ ನಿನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೆ ಜಾಗವಿರುತ್ತಿರಲಿಲ್ಲ. ಈಗ ಹೇಳಿದ್ದೇನೆ.

ಅಮ್ಮನಿಗೆ ಕಳಿಸಿದ ಮಂಡಿನೋವಿನ ಎಣ್ಣೆ ತಲುಪಿತು.

ಗಿರಿಜಾ


ಹುಬ್ಬಳ್ಳಿ
2–5–1962

ಗಿರಿಜಾ,

ನಿನ್ನ ಕಾಗದಕ್ಕೆ ಏಳು ಸಲ ಉತ್ತರ ಬರೆದು ಹರಿದೆ. ಬರುತ್ತಿದ್ದೇನೆ. ಈ ಚೀಟಿ ಇವತ್ತಿನ ಬಸ್ಸಿನವನ ಕೈಯಲ್ಲಿ, ನಾನು ನಾಳೆಯ ಬಸ್ಸಿನಲ್ಲಿ. ಅಂಚಿನ ಮೇಲೆ ಯಾರೂ ಎದುರು ಬರುವುದು ಬೇಡ, ನಾನೇ ನಡೆದು ಬರುತ್ತೇನೆ.

ಗುಣಪಾಲ


ಕೋಟ
17–6–1962

ಸ್ನೇಹಲತಾ,

ಒಂದೂವರೆ ತಿಂಗಳಿಂದ ಬರೆದಿಲ್ಲವೆಂದು ಮುನಿಯಬೇಡ. ಮನೆಯಲ್ಲಿ ಬಡಗಿ ಕೆಲಸ ನಡೆಯುತ್ತಿತ್ತು.

ಅಣ್ಣಯ್ಯ ಬಂದ. ಅಂಗಳಕ್ಕೆ ಕಾಲಿಟ್ಟವನು ಮೊದಲು ಹಪ್ಪಳದ ಗಾಡಿಯನ್ನು ನೋಡಿದ, ಆಮೇಲೆ ಜಗಲಿಯಲ್ಲಿ ಕಂಬ ಹಿಡಿದು ನಿಂತವಳನ್ನು ನೋಡಿದ. ಎತ್ತಿಕೊಳ್ಳಲು ಹೋದರೆ ಅವಳು, "ಬೇಡ, ನಾ ಭಾರ ಇದ್ದೆ" ಎಂದಳು. ಅವನು ಎತ್ತಿದ. ಇಳಿಸಲೇ ಇಲ್ಲ. ಚಾ ಕುಡಿದದ್ದೂ ಹಾಗೆಯೇ, ಅಮ್ಮನ ಹತ್ತಿರ ಮಾತಾಡಿದ್ದೂ ಹಾಗೆಯೇ. ಮಾತಿನ ನಡುವೆ ಒಂದು ಸಲ ಅವಳ ಬೆನ್ನಿಗೆ ಮುಖ ಒತ್ತಿ ಅತ್ತ. ಅಮ್ಮ ನೋಡಿ ಒಳಗೆ ಹೋದರು. ನಾನೂ ಹೋದೆ. ನಮ್ಮಿಬ್ಬರ ನಡುವೆ ಆ ವಿಷಯ ಬಾಯಿ ಬಿಟ್ಟು ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಟೇಪು ಹಿಡಿದು ಮನೆಯಿಂದ ರಸ್ತೆಯ ತನಕ ಅಂಚನ್ನು ಅಳೆದ. ಬೈಲಿನವರು ಜಾಗ ಪಾಲಾಗುತ್ತದೆಂದು ಹೆದರಿ ಕೇಳಿಕೊಂಡು ಬಂದರು. ಎಲ್ಲಿ ಸಪೂರ, ಎಲ್ಲಿ ಕುಸಿದಿದೆ ಎಂದು ಕಾಗದದ ಮೇಲೆ ಬರೆದುಕೊಂಡ. ಬರುವಾಗ ದಾರಿಯಲ್ಲಿ ರಸ್ತೆ ಕೆಲಸದವರು ಜಲ್ಲಿ ಹೊರುವ ಒಂಟಿ ಚಕ್ರದ ಗಾಡಿಯನ್ನು ನೋಡಿದ್ದನಂತೆ. "ಕಾಲಿನ ದಾರಿಗೆ ಒಂದೇ ಚಕ್ರ ಸಾಕ್" ಎಂದ. ವೆಂಕಟನ ಅಂಗಡಿಯಿಂದ ಸೈಕಲ್ ಚಕ್ರ, ಗುಡ್ಡ ಆಚಾರಿಯ ಕೈಯಿಂದ ಹಲಸಿನ ಮರದ ಕುರ್ಚಿ, ಹಿಂದೆ ಎರಡು ಹಿಡಿ, ನಿಲ್ಲಿಸಲು ಎರಡು ಊರೆಗೋಲು. ಕುರ್ಚಿಯ ಅಳತೆಯನ್ನು ಮಾತ್ರ ಅವನು ಹೇಳಲಿಲ್ಲ. "ಗಿರಿಜೆ ಹತ್ರ ಕೇಣಿ, ಅವ್ಳಿಗ್ ಗೊತ್ತಿತ್ತ್" ಎಂದ. ಆಚಾರಿ ನನ್ನ ಹತ್ತಿರ ಕೇಳಿ ಬರೆದುಕೊಂಡ. ಪಾರ್ಸಿ ಮುದುಕಿಯ ಗಾಡಿಯ ಸ್ಪ್ರಿಂಗು, ಮಾಡು ಎರಡನ್ನೂ ಬಿಚ್ಚಿ ಇದಕ್ಕೆ ಕೂಡಿಸಿದರು. ಅಮ್ಮನಿಗೆ ಹಪ್ಪಳದ ಚಿಂತೆ ಹಿಡಿಯಿತು.

ಮೊದಲ ದಿನ ಅಮ್ಮ ಮತ್ತೆ ಗುಂಡುಕಲ್ಲು ತಂದರು. "ಕಲ್ಲಿನ ಬದ್ಲ್ ನಾನೇ ಕೂಕಂತೆ. ಬಿದ್ರೆ ನಾ ಬೀಳ್ಲಿ" ಎಂದು ಅಣ್ಣಯ್ಯ ಆ ಪುಟ್ಟ ಕುರ್ಚಿಯಲ್ಲಿ ತುರುಕಿಕೊಂಡು ಕೂತ. ಮೂವತ್ತೆಂಟು ವರ್ಷದ ಹೋಟೆಲ್ ಮೆನೇಜರ್, ಬಿಳಿ ಪಂಚೆ. ಗುರುವ ದೂಡಿದ. ಎರಡನೆಯ ತಿರುವಿನಲ್ಲಿ ಇಬ್ಬರೂ ಗದ್ದೆಯಲ್ಲಿ. ಜಲಜ ಬಿಕ್ಕಳಿಕೆ ಬರುವ ತನಕ ನಕ್ಕಳು. ಅವಳು ಹಾಗೆ ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಆ ತಿರುವಿಗೆ ಮರುದಿನವೇ ಮುರಕಲ್ಲು ಕಟ್ಟಿಸಿದ.

ಮೇ ತಿಂಗಳಲ್ಲಿ ಒಣ ಅಂಚಿನ ಮೇಲೆ ಚೆನ್ನಾಗಿಯೇ ಹೋಯಿತು. "ಮಳಿ ಬರ್ಲಿ, ಕಾಂಬ" ಎಂದರು ಅಮ್ಮ. ಮಳೆ ಬಂತು, ಸಪೂರದ ಸೈಕಲ್ ಚಕ್ರ ಅಂಚನ್ನು ಬೆಣ್ಣೆಯ ಹಾಗೆ ಕೊಯ್ಯಿತು. ಅಣ್ಣಯ್ಯ ರಜೆ ಹೆಚ್ಚಿಸಿ ತಂತಿ ಕೊಟ್ಟ. ವೆಂಕಟ ಎಲ್ಲಿಂದಲೋ ಹಳೆಯ ಮೋಟಾರ್ ಸೈಕಲಿನ ಅಗಲದ ಚಕ್ರ ಹುಡುಕಿ ತಂದ. ಅದು ಹೂಳಲಿಲ್ಲ, ಹೊಯ್ಗೆಯಲ್ಲೂ ನಿಲ್ಲಲಿಲ್ಲ. ತಡಮೆಯ ಹತ್ತಿರ ಮಾತ್ರ ಎತ್ತಬೇಕು. ಅಣ್ಣಯ್ಯ ಎಷ್ಟು ಸಲ ದೂಡಿದರೂ ಜಲಜನಿಗೆ ಸಮಾಧಾನವಿಲ್ಲ. "ಮಾವ, ನಿಮ್ಗ್ ದೂಡೂಕೆ ಬತ್ತಿಲ್ಲೆ. ಅಮ್ಮನ ಹತ್ರ ಕೊಡಿ" ಎನ್ನುತ್ತಾಳೆ.

ಹೋದ ಸೋಮವಾರ ಶಾಲೆಗೆ ಸೇರಿದಳು. ನಿನ್ನ ಸ್ಲೇಟು ಮಡಿಲಲ್ಲಿತ್ತು. ನಾನು ದೂಡಿದೆ. ಬೆನ್ನು ನೆಟ್ಟಗಿತ್ತು ಸ್ನೇಹೂ.

ಅಣ್ಣಯ್ಯ ನಿನ್ನೆ ಹೊರಟ. ರಸ್ತೆಯ ತನಕ ಮೂವರೂ ಹೋದೆವು. ಬಸ್ಸು ಬಂದ ಮೇಲೆ ಅವನು ನನ್ನ ಮುಖ ನೋಡದೆ, "ಇನ್ ಮೇಲೆ ಹೆಣ್ಣಿಗ್ ಜ್ವರ ಬಂದ್ರೆ ನನ್ನ ಕೇಂಬುದ್ ಬೇಡ. ನಿಂಗ್ ಎಂತ ಕಾಂತೋ ಅದನ್ ಮಾಡ್" ಎಂದ. ಹತ್ತಿಬಿಟ್ಟ. ನನಗೆ ಏನು ಹೇಳಬೇಕೆಂದು ತೋಚುವಷ್ಟರಲ್ಲಿ ಬಸ್ಸು ಕೋಟೇಶ್ವರ ದಾಟಿರಬೇಕು.

ಗಿರಿಜಾ


ಕೋಟ
22–7–1962

ಪ್ರೀತಿಯ ಅಣ್ಣಯ್ಯನಿಗೆ ಗಿರಿಜೆಯ ನಮಸ್ಕಾರ.

ನಾಟಿ ಮುಗಿಯಿತು. ಅಮ್ಮ ಹಪ್ಪಳಕ್ಕೆ ಇನ್ನೊಂದು ಮಾಡು ಬೇಕೆನ್ನುತ್ತಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡ. ಜಲಜ 'ಕ'ದಿಂದ 'ಙ' ತನಕ ಬರೆಯುತ್ತಾಳೆ. 'ಙ' ಯಾರಿಗೂ ಬೇಡದ ಅಕ್ಷರ, ಅದಕ್ಕೇ ತನಗೆ ಇಷ್ಟ ಎಂದು ಮಾಸ್ತರರಿಗೆ ಹೇಳಿದಳಂತೆ.

ಹೋದ ಮಂಗಳವಾರ ಅವಳಿಗೆ ಜ್ವರ ಬಂತು. ಬೆಳಿಗ್ಗೆ ಹಣೆ ಮುಟ್ಟಿದರೆ ಸುಡುತ್ತಿತ್ತು. ಅಂಗಳ ಕಾಣದ ಹಾಗೆ ಮಳೆ. "ಈ ಮಳಿಯಂಗೆ ಎಲ್ಲಿಗ್ ಹೋಪ್ದ್?" ಎಂದರು ಅಮ್ಮ. ನಾನು ಸೀರೆ ಉಟ್ಟೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮಾಡು ಎಳೆದು, ಕಂಬಳಿ ಹೊದೆಸಿ ಹೊರಟೆ. ಅಂಚಿನ ಮೇಲೆ ಪಾದ ಮುಳುಗುವಷ್ಟು ನೀರಿತ್ತು. ನೀನು ಕಲ್ಲು ಕಟ್ಟಿಸಿದ ತಿರುವಿನಲ್ಲಿ ನನ್ನ ಕಾಲು ಜಾರಿತು, ಚಕ್ರ ಜಾರಲಿಲ್ಲ. ಗಾಡಿಯನ್ನು ವೆಂಕಟನ ಅಂಗಡಿಯಲ್ಲಿ ಬಿಟ್ಟು ಎಂಟೂವರೆಯ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. ದಾರಿಯುದ್ದಕ್ಕೂ ಅವಳ ಸರಿಯಿರುವ ಎಡಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡೇ ಇದ್ದೆ, ಅಲುಗಿಸು, ಅಲುಗಿಸು ಎಂದು. ಅವಳಿಗೆ ಬೇಸರ ಬಂದು ನನ್ನ ಕೈಗೆ ಒದ್ದಳು. ಆ ಒದೆತ ತಿಂದು ನನಗೆ ಅಳು ಬಂತು.

ಕುಂದಾಪುರದ ಡಾಕ್ಟರು ಅಂದು ನೋಡಿದವರೇ, ತಲೆ ಈಗ ಪೂರಾ ಬೆಳ್ಳಗಾಗಿದೆ. ಕಾಲು ನೋಡಿದರು, ಎದೆ ನೋಡಿದರು, ಗಂಟಲು ನೋಡಿದರು. ಕೊನೆಗೆ ಬಾಯೊಳಗೆ ಬೆರಳು ಹಾಕಿ ಹಿಂದಿನ ವಸಡನ್ನು ಒತ್ತಿದಾಗ ಅವಳು ಕೂಗಿದಳು. "ಬೇರೆ ಎಂತದೂ ಇಲ್ಲೆ ಅಮ್ಮ. ದವಡೆ ಹಲ್ಲ್ ಬತ್ತಾ ಇತ್ತ್, ಅಷ್ಟೇ" ಎಂದರು.

ಹಲ್ಲು ಬರುವ ಜ್ವರ ಅಣ್ಣಯ್ಯ. ಎಲ್ಲ ಮಕ್ಕಳಿಗೂ ಬರುವುದು.

ಎರಡು ದಿನಕ್ಕೆ ಬಿಟ್ಟಿತು. ನಿನ್ನೆಯಿಂದ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ನೀನು ಹೇಳಿದ ಹಾಗೆ ನಿನ್ನನ್ನು ಕೇಳಲಿಲ್ಲ. ಬಂದ ಮೇಲೆ ಮೊದಲು ನಿನಗೆ ಹೇಳಬೇಕೆನ್ನಿಸಿತು, ಬರೆದೆ.

ನಿನ್ನ ತಂಗಿ
ಗಿರಿಜಾ